ಮೂರನೆಯ ಪ್ರತಿ

ರಾಸ್ತಾ ಪೇಠೆ. ಪವರ್ ಹೌಸಿನ ಹಿಂದಿನ ಓಣಿ.
ಮೆಟ್ಟಿಲ ಕೆಳಗೆ ನನ್ನ ರೆಮಿಂಗ್ಟನ್, ಒಂದು ಸ್ಟೂಲು,
ಪುಟಕ್ಕೆ ಮೂರು ರೂಪಾಯಿ, ಎರಡು ಕಾರ್ಬನ್ ಪ್ರತಿ ಸೇರಿ.
ಕಬ್ಬಿನ ತಳಿ, ಸಕ್ಕರೆ ಕಾರ್ಖಾನೆಯ ಮುಷ್ಕರ,
ಯಾರ ಥೀಸಿಸ್ಸಾದರೂ ಸರಿ, ಓದದೆ ಹೊಡೆಯುವುದು ಕಸುಬು.
ಓದಿದರೆ ತಪ್ಪು ಬೀಳುತ್ತವೆ.

ಜಿಯಾದ್ ತಂದದ್ದನ್ನು ಮಾತ್ರ ಓದಿಬಿಟ್ಟೆ.

ಅವನ ಅಕ್ಷರ ಹಿಂದಕ್ಕೆ ವಾಲುತ್ತಿತ್ತು,
ಬಲದಿಂದ ಬರೆದು ಕಲಿತ ಕೈ.
ವಿಷಯ: ತನ್ನ ನಾಡಿನಲ್ಲಿ ಶಾಂತಿಗಾಗಿ ನಡೆದ ಯತ್ನಗಳು.
'ಸಣ್ಣದೇ ಇರಬೇಕಲ್ಲ?' ಅಂದೆ.
ನಾನೂರ ಹನ್ನೆರಡು ಪುಟ ಮೇಜಿನ ಮೇಲಿಟ್ಟು ನಕ್ಕ.

ಮೊದಲಿಗೆ ಲಂಡನ್ನಿನ ಒಂದು ಕಾಗದ.
ಕೊಟ್ಟ ಮಾತು ಅರವತ್ತೇಳು ಪದ.
ಎಣಿಸಿದೆ, ಎಣಿಸುವುದು ನನಗೆ ಚಟ.
ಅರ್ಧ ಪುಟವೂ ಆಗದು, ನನ್ನ ದರದಲ್ಲಿ ಒಂದು ರೂಪಾಯಿ.
ಆಮೇಲೆ ನಕಾಶೆ, ನಕಾಶೆಯ ಮೇಲೆ ಗೆರೆ,
ಗೆರೆ ಎಳೆದವರು ಹಡಗು ಹತ್ತಿದ್ದು.
ಬೆರಳು ನಿಂತಿತು: ಈ ಹಡಗನ್ನು ನಾವೂ ಕಂಡವರೇ.

ಕ್ಯಾಂಪ್ ಡೇವಿಡ್ ಬಂದಾಗ
ನಮ್ಮ ಕ್ಯಾಂಪಿನ ಲಾಲ್ ದೇವಳ ಅಂದುಕೊಂಡೆ,
ಅದೂ ಡೇವಿಡ್ಡನ ಹೆಸರಿನದೇ, ಕೆಂಪು ಇಟ್ಟಿಗೆ, ಗಡಿಯಾರದ ಗೋಪುರ.
ಮೋಲೆದಿನಾ ರಸ್ತೆಯಲ್ಲಿ ಸಹಿ ಹಾಕಿದ್ದರೆ
ಚಹಾ ನಾನೇ ಕೊಡಿಸುತ್ತಿದ್ದೆ.

ಇನ್ನೂರ ನಲವತ್ತೆರಡನೆಯ ಠರಾವು.
ವಶಪಡಿಸಿಕೊಂಡ ಪ್ರದೇಶಗಳಿಂದ ಸೇನೆ ಹಿಂದೆಗೆಯಬೇಕು.
ಕೈ ರೂಢಿಯಂತೆ ಅದಕ್ಕೊಂದು 'ದ' ಅಂಟಿಸಿತು, ಇಂಗ್ಲಿಷಿನ 'ದ',
ಶಾಲೆಯಲ್ಲಿ ಅದನ್ನು ಬಿಟ್ಟಿದ್ದಕ್ಕೆ ಛಡಿ ತಿಂದವಳು ನಾನು.
ಮರುದಿನ ಓಡಿ ಬಂದ: ಅಳಿಸಿ, ಬೇಗ ಅಳಿಸಿ!
ಅದಿದ್ದರೆ ಎಲ್ಲ ನೆಲ, ಇಲ್ಲದಿದ್ದರೆ ಎಷ್ಟೋ ನೆಲ;
ಇಪ್ಪತ್ತಾರು ವರ್ಷದಿಂದ ಅದಕ್ಕೇ ಜಗಳ,
ನೀವು ಒಂದೇ ಸಂಜೆಯಲ್ಲಿ ಬಗೆಹರಿಸಿಬಿಟ್ಟಿರಿ!
ಬಿಳಿ ದ್ರವ ಹಚ್ಚಿ ಊದಿದೆ.
ನಮ್ಮ ಮಾತಿನಲ್ಲಿ ಆ ಪದವೇ ಇಲ್ಲ.
ನೆಲ ಅಂದರೆ ನೆಲ. ಯಾವುದೆಂದು
ಬೆರಳು ಮಾಡಿ ತೋರಿಸಬೇಕು.

ಮೇಲ್ಮಾಳಿಗೆಯ ಮಿಲ್ಕಾಬಾಯಿ ಪೆಣಕರ್
ಒಂದು ಬೆಳಿಗ್ಗೆ ಏರೋಗ್ರಾಮ್ ಹಿಡಿದು ಇಳಿದಳು.
ಒಳಗೆಲ್ಲ ಮರಾಠಿ: ಮಂಡಿನೋವು, ಸುರ್ಮಯಿಯ ದರ,
ಪ್ರಾರ್ಥನೆಗೆ ಹತ್ತು ಗಂಡಸರು ಕೂಡುತ್ತಿಲ್ಲ.
ವಿಳಾಸ ಮಾತ್ರ ಮಷೀನಿನಲ್ಲಿ ಬೇಕು, ಮಗನಿಗೆ ತಲುಪಬೇಕು.
ಅಶ್ದೋದ್, ಹೊಡೆದೆ.

ಅಂದೇ ಸಂಜೆ ಜಿಯಾದನ ಅಡಿಟಿಪ್ಪಣಿ, ಪುಟ ತೊಂಬತ್ತೊಂದು:
ಇಸ್ದೂದ್. ನಲವತ್ತೆಂಟರಲ್ಲಿ ಬರಿದಾದ ಊರು.
ಪಕ್ಕದಲ್ಲಿ ಎದ್ದ ಶಹರ ಅಶ್ದೋದ್.
ಅಜ್ಜನ ಎರಡು ಅಂಜೂರದ ಗಿಡಗಳನ್ನೂ ಬರೆದು
ತಾನೇ ಗೀಚಿ ಹಾಕಿದ್ದ.
ನನ್ನ ಯಂತ್ರದಲ್ಲಿ 'ಡಿ' ಕೀಲಿ ತುಸು ಮೇಲಕ್ಕೆ ಹಾರುತ್ತದೆ.
ಅವಳ ಊರಲ್ಲೂ ಎರಡು ಸಲ ಹಾರಿತು, ಇವನ ಊರಲ್ಲೂ.

ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ.
ಮಗನ ಉತ್ತರ ಬಂದ ದಿನ ಅವಳು ಮಲೀದಾ ಮಾಡಿದಳು,
ಅವಲಕ್ಕಿ, ಕಾಯಿತುರಿ, ಖರ್ಜೂರ.
'ಆ ಪರದೇಶಿ ಹುಡುಗನಿಗೂ ಕೊಡು, ಸೊರಗಿದ್ದಾನೆ.'
ಮೆಟ್ಟಿಲ ಮೇಲೆ ಕೂತು ತಿಂದ, ಬೆರಳು ನೆಕ್ಕಿದ.
ಯಾರು ಮಾಡಿದ್ದು?
ಮೇಲಿನವರು, ಅಂದೆ.

ಸೆಪ್ಟೆಂಬರು. ರೇಡಿಯೋ ರಿಪೇರಿಯವನ ಟೀವಿಯಲ್ಲಿ
ದೂರದ ಹುಲ್ಲುಹಾಸು. ಒಬ್ಬನ ಕೈ ಮುಂದೆ ಬಂತು,
ಇನ್ನೊಬ್ಬನದು ಕೊಂಚ ತಡೆದು.
ಆ ಕೊಂಚಕ್ಕೆ ನನ್ನಲ್ಲಿ ಕೀಲಿಯಿಲ್ಲ.
ಮಿಲ್ಕಾಬಾಯಿ ಸೆರಗಿನಲ್ಲಿ ಮೂಗೊರೆಸಿದಳು.
ಜಿಯಾದ್ ಓಣಿಯ ತುದಿಗೆ ಹೋದ, ತಿರುಗಿ ಬಂದ, ಮತ್ತೆ ಹೋದ.

ಗೈಡು ಹೇಳಿದರಂತೆ: ಇದನ್ನೂ ಸೇರಿಸು.
ಕೊನೆಯ ಅಧ್ಯಾಯದ ತಲೆಬರಹ: ಶಾಂತಿ?
ಮತ್ತೆ ಹೇಳಿದರಂತೆ: ಆ ಚಿಹ್ನೆ ತೆಗೆ,
ಅನುಮಾನ ಪದವಿಗೆ ಒಳ್ಳೆಯದಲ್ಲ.
ಹಚ್ಚಿದೆ ಬಿಳಿ. ಊದಿದೆ.

ಮೊದಲ ಪ್ರತಿ ವಿದ್ಯಾಪೀಠಕ್ಕೆ, ಎರಡನೆಯದು ಗೈಡಿಗೆ.
ನೂರ ನಲವತ್ತು ರೂಪಾಯಿ ಕಡಿಮೆ ಬಿದ್ದು
ಮೂರನೆಯದನ್ನು ನನ್ನಲ್ಲಿ ಅಡವಿಟ್ಟು ಹೋದ,
ಬಂದು ಬಿಡಿಸಿಕೊಳ್ಳುತ್ತೇನೆ ಅಂದ.

ಬಿಳಿ ದ್ರವ ತಾಗುವುದು ಮೇಲಿನ ಹಾಳೆಗಷ್ಟೇ.
ಕಾರ್ಬನ್ನಿನಡಿ ಬಿದ್ದದ್ದು ಬಿದ್ದ ಹಾಗೇ ಇರುತ್ತದೆ.
ಮಳೆಗಾಲಕ್ಕೊಮ್ಮೆ ಗೆದ್ದಲು ನೋಡಲು ಬಿಚ್ಚುತ್ತೇನೆ:
ನೀಲಿ ಮಾಸಿದೆ,
ಆ 'ದ' ಇದೆ,
ಆ ಪ್ರಶ್ನೆಯೂ.